ಕೆಲಸ ಬಿಟ್ಟವರ ಲೆಕ್ಕ ಹಾಕುವುದು ಹೇಗೆ? ಮುಂಬೈ, ಪುಣೆ, ಗೋವಾದ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಅಪ್ಪ ಹದಿನಾಲ್ಕನೇ ವಯಸ್ಸಿಗೆ ಉಡುಪಿ ಕಡೆಯಿಂದ ಮುಂಬೈಗೆ ಬಂದವರು. ಹಗಲು ಫೋರ್ಟಿನ ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ಶಾಲೆ. ಎಷ್ಟು ಕೆಲಸ ಬಿಟ್ಟಿರಿ ಅಂತ ಕೇಳಿದರೆ ಬೆರಳು ಮಡಚಿ ಆರು ಅನ್ನುತ್ತಿದ್ದರು. ಐದು ಸಲ ಅವರು ಒಂದು ಹೋಟೆಲಿನಿಂದ ಇನ್ನೊಂದಕ್ಕೆ ಹೋದರು, ಸಪ್ಲಾಯರ್ ಆಗಿಯೇ. ಆರನೇ ಸಲ ಶಾಲೆಯ ಓದು ಕೈ ಹಿಡಿಯಿತು, ಒಂದು ಕಂಪನಿಯಲ್ಲಿ ಗುಮಾಸ್ತರಾದರು. ಅಂದರೆ ಧಣಿಗಳ ಲೆಕ್ಕದಲ್ಲಿ ಆರು, ಸಪ್ಲಾಯರ್ ವೃತ್ತಿಯ ಲೆಕ್ಕದಲ್ಲಿ ಒಂದೇ ಒಂದು. ಈ ಆರಕ್ಕೂ ಒಂದಕ್ಕೂ ಇರುವ ವ್ಯತ್ಯಾಸ ಗೊತ್ತಾದರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಹಾಗೆ.

ನಾನು ಅಂಕಿಅಂಶದ ಕೆಲಸ ಮಾಡುವವನು. ಹೋಟೆಲಿನವರು, ಐಟಿಯ ಹುಡುಗರು, ಮಕ್ಕಳ ಓದಿನ ಚಿಂತೆಯಲ್ಲಿರುವ ಅಪ್ಪ ಅಮ್ಮಂದಿರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಟರ್ನೋವರ್ ಅಂದರೆ ವ್ಯಾಪಾರದ ವಹಿವಾಟು ಅಲ್ವಾ?

ಗಲ್ಲೆಯಲ್ಲಿ ಕೂತವರಿಗೆ ಹೌದು. ಕಾರ್ಮಿಕರ ಲೆಕ್ಕದಲ್ಲಿ ಅದೇ ಶಬ್ದಕ್ಕೆ ಬೇರೆ ಅರ್ಥ. ಒಂದು ಜಾಗದಲ್ಲಿ ಕೆಲಸಗಾರರು ಎಷ್ಟು ಬೇಗ ಬದಲಾಗುತ್ತಾರೆ ಅನ್ನುವುದೇ ಟರ್ನೋವರ್. ಕೆಲಸದಿಂದ ಹೊರಗೆ ಹೋದ ಒಂದೊಂದು ಘಟನೆಯೂ ಒಂದು ಸೆಪರೇಶನ್. ಐಟಿಯವರು ಹೇಳುವ ಅಟ್ರಿಶನ್ ಕೂಡ ಸುಮಾರಾಗಿ ಇದೇ. ಇಲ್ಲಿ ನಾನು ಆದಷ್ಟು 'ಕೆಲಸ ಬಿಟ್ಟವರು' ಅಂತಲೇ ಬರೆಯುತ್ತೇನೆ.

ಬಿಟ್ಟ ಅಂದರೆ ಬಿಟ್ಟ. ಅದರಲ್ಲೂ ಬಗೆಗಳಿವೆಯಾ?

ಇವೆ. ಒಂದು, ಧಣಿಯನ್ನು ಬಿಡುವುದು. ಸಯನ್‌ನ ಹೋಟೆಲಿನ ಭಟ್ಟರು ಚೆಂಬೂರಿನ ಹೋಟೆಲಿನ ಅಡುಗೆಮನೆಗೆ ಹೋದರು ಅನ್ನೋಣ. ಜಾಗ ಬದಲಾಯಿತು, ವೃತ್ತಿ ಬದಲಾಗಲಿಲ್ಲ. ಎರಡು, ವೃತ್ತಿಯನ್ನೇ ಬಿಡುವುದು. ಸಪ್ಲಾಯರ್ ಆಗಿದ್ದ ಹುಡುಗ ಬೈಕ್ ತೆಗೆದುಕೊಂಡು ಪಾರ್ಸೆಲ್ ಡೆಲಿವರಿಗೆ ಇಳಿದ. ಮೂರು, ದುಡಿಮೆಯನ್ನೇ ಬಿಡುವುದು. ವಯಸ್ಸಾಯಿತು, ಕಾಯಿಲೆ ಬಂತು, ಮಗು ಹುಟ್ಟಿತು, ಓದಲು ಹೋದರು, ಇಲ್ಲವೇ ತೀರಿಕೊಂಡರು.

ಇದರ ಮೇಲೆ ಇನ್ನೊಂದು ಗೆರೆ ಇದೆ. ತಾನಾಗಿ ಬಿಟ್ಟನೋ, ಬಿಡಿಸಿದರೋ? ಬಹಳ ಜನ ಈ ಎರಡನ್ನೂ ಒಂದೇ ಕಾಲಂನಲ್ಲಿ ಬರೆಯುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಕೆಲಸದಿಂದ ತೆಗೆದವನನ್ನು 'ಬಿಟ್ಟು ಹೋದ' ಅಂತ ಬರೆದರೆ ಲೆಕ್ಕವೂ ತಪ್ಪು, ಅವನಿಗೂ ಅನ್ಯಾಯ.

ನಮ್ಮ ಹೋಟೆಲಿನಲ್ಲಿ ಹುಡುಗರು ನಿಲ್ಲುವುದೇ ಇಲ್ಲ. ಇದಕ್ಕೆ ಲೆಕ್ಕ ಬೇರೆ ಬೇಕಾ?

ಬೇಕೇ ಬೇಕು. ಒಂದು ಉದಾಹರಣೆ ಕೊಡುತ್ತೇನೆ, ಅಂಕಿಗಳು ನಾನು ಕಟ್ಟಿದವು. ಹೋಟೆಲಿನಲ್ಲಿ ಸರಾಸರಿ 20 ಜನ. ಅಡುಗೆಗೆ 3, ಸಪ್ಲಾಯರ್ 8, ಕ್ಲೀನರ್ 7, ಗಲ್ಲೆ ಮತ್ತು ಮೇಲ್ವಿಚಾರಣೆಗೆ 2. ವರ್ಷದಲ್ಲಿ 12 ಜನ ಬಿಟ್ಟರು. ಬಿಟ್ಟವರ ಸಂಖ್ಯೆಯನ್ನು ಸರಾಸರಿ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇ. 60. ಧಣಿ ತಲೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ, ಸಹಜವೇ.

ಈಗ ಅದನ್ನೇ ವೃತ್ತಿವಾರು ಬಿಡಿಸಿ. ಬಿಟ್ಟವರಲ್ಲಿ 9 ಜನ ಕ್ಲೀನರ್, 3 ಜನ ಸಪ್ಲಾಯರ್. ಅಡುಗೆಯಲ್ಲಿ, ಗಲ್ಲೆಯಲ್ಲಿ ಒಬ್ಬರೂ ಕದಲಿಲ್ಲ. ಸಪ್ಲಾಯರ್ ಲೆಕ್ಕ ಶೇ. 37.5, ಕ್ಲೀನರ್ ಲೆಕ್ಕ ಸುಮಾರು ಶೇ. 129. ನೂರಕ್ಕಿಂತ ಜಾಸ್ತಿ ಹೇಗೆ ಅಂತ ಕೇಳುತ್ತೀರಿ. ಒಂದೇ ಜಾಗ ವರ್ಷದಲ್ಲಿ ಎರಡು ಮೂರು ಸಲ ಖಾಲಿಯಾಗಬಹುದು, ಅದಕ್ಕೆ.

ಇನ್ನೂ ಒಂದು ಹೆಜ್ಜೆ ಒಳಗೆ ಹೋಗಿ. ಏಳು ಕ್ಲೀನರ್‌ಗಳಲ್ಲಿ ನಾಲ್ವರು ಇಡೀ ವರ್ಷ ಇದ್ದರು. ಉಳಿದ ಮೂರು ಜಾಗದಲ್ಲಿ ತಲಾ ಮೂರು ಸಲ ಹುಡುಗರು ಬದಲಾದರು. ಹಾಗಾದರೆ ಕಷ್ಟ ಇರುವುದು 'ಈಗಿನ ಹುಡುಗರಲ್ಲಿ' ಅಲ್ಲ, ಆ ಮೂರು ಜಾಗಗಳಲ್ಲಿ. ರಾತ್ರಿ ಹನ್ನೊಂದರ ನಂತರ ದೊಡ್ಡ ಪಾತ್ರೆ ತಿಕ್ಕುವ ಪಾಳಿಯೋ, ಮಲಗಲು ಜಾಗವಿಲ್ಲದ್ದೋ, ಪಗಾರ ತಡವಾಗುವುದೋ, ಅಲ್ಲಿ ಹೋಗಿ ನೋಡಬೇಕು. ಶೇ. 60 ಅನ್ನುವ ಒಂದೇ ಅಂಕಿ ಇದನ್ನು ಯಾವತ್ತೂ ಹೇಳುತ್ತಿರಲಿಲ್ಲ.

ಆ ಒಂಬತ್ತು ಜನ ಕ್ಲೀನರ್ ವೃತ್ತಿಯನ್ನೇ ಬಿಟ್ಟರಾ?

ಅದೇ ಮುಂದಿನ ಪ್ರಶ್ನೆ. ವಿಚಾರಿಸಿದಾಗ ಐವರು ಬೇರೆ ಹೋಟೆಲಿನಲ್ಲಿ ಕ್ಲೀನರ್ ಆಗಿಯೇ ಸೇರಿದ್ದಾರೆ ಅಂತ ಗೊತ್ತಾಯಿತು ಅನ್ನೋಣ. ಒಬ್ಬ ಸಪ್ಲಾಯರ್ ಆದ, ಇಬ್ಬರು ಡೆಲಿವರಿಗೆ ಹೋದರು, ಒಬ್ಬ ಊರಿಗೆ ಹೋಗಿ ಗದ್ದೆ ನೋಡಿಕೊಳ್ಳುತ್ತಿದ್ದಾನೆ. ಹಾಗಾದರೆ ವೃತ್ತಿ ಬಿಟ್ಟವರು ನಾಲ್ವರೇ. ಶೇ. 129 ಇದ್ದದ್ದು ಶೇ. 57 ಆಯಿತು. ಊರಿಗೆ ಹೋದವನನ್ನು 'ದುಡಿಮೆ ಬಿಟ್ಟವನು' ಅಂತ ಬರೆಯಬೇಡಿ. ಗದ್ದೆಯ ಕೆಲಸವೂ ಕೆಲಸವೇ, ಅವನು ವೃತ್ತಿ ಬದಲಿಸಿದವನು.

ತಿಂಗಳಿಗೆ ಶೇ. 5 ಬಿಡುತ್ತಾರೆ. ವರ್ಷಕ್ಕೆ ಶೇ. 60 ಅಂತ ಹೇಳಬಹುದಾ?

ಎಷ್ಟು ಸಲ ಜಾಗ ಖಾಲಿಯಾಯಿತು ಅನ್ನುವುದಾದರೆ ಹೇಳಬಹುದು. ಎಷ್ಟು ಜನ ಉಳಿಯುತ್ತಾರೆ ಅನ್ನುವುದಾದರೆ ಆಗುವುದಿಲ್ಲ. ತಿಂಗಳಿಗೆ ಉಳಿಯುವ ಸಾಧ್ಯತೆ 0.95. ಅದನ್ನು ಹನ್ನೆರಡು ಸಲ ಗುಣಿಸಿದರೆ ಸುಮಾರು 0.54. ಅಂದರೆ ಜನವರಿಯಲ್ಲಿ ಇದ್ದ ನೂರರಲ್ಲಿ 54 ಮಂದಿ ವರ್ಷದ ಕೊನೆಗೂ ಇರುತ್ತಾರೆ. ಅದೂ ಎಲ್ಲರೂ ಒಂದೇ ರೀತಿ ಬಿಡುತ್ತಾರೆ ಅಂದುಕೊಂಡರೆ ಮಾತ್ರ. ವಾಸ್ತವದಲ್ಲಿ ಹೊಸಬರು ಬೇಗ ಬಿಡುತ್ತಾರೆ, ಮೊದಲ ಕೆಲವು ತಿಂಗಳು ದಾಟಿದವರು ನಿಲ್ಲುತ್ತಾರೆ. ಹಾಗಾಗಿ ಉಳಿಯುವವರು ಇದಕ್ಕಿಂತ ಜಾಸ್ತಿಯೇ.

ಇಡೀ ದೇಶಕ್ಕೆ ಇಂಥ ಲೆಕ್ಕವನ್ನು ಯಾರಾದರೂ ಹಾಕುತ್ತಾರಾ?

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ, ಅಂದರೆ ಬಿಎಲ್‌ಎಸ್, ಇದನ್ನು ಬಹಳ ಶ್ರದ್ಧೆಯಿಂದ ಮಾಡುತ್ತದೆ. ಅವರ ಬಳಿ ಎರಡು ಬೇರೆ ಬೇರೆ ದಾರಿಗಳಿವೆ.

ಒಂದು ಜೋಲ್ಟ್ಸ್ ಅನ್ನುವ ತಿಂಗಳ ಸಮೀಕ್ಷೆ. 2000ದ ಡಿಸೆಂಬರ್‌ನಿಂದ ಅದರ ಅಂಕಿಗಳಿವೆ. ಇದು ಮಾಲೀಕರನ್ನು ಕೇಳುತ್ತದೆ. ಎಷ್ಟು ಜಾಗ ಖಾಲಿ, ಎಷ್ಟು ಜನ ಸೇರಿದರು, ಎಷ್ಟು ಜನ ತಾವಾಗಿ ಬಿಟ್ಟರು, ಎಷ್ಟು ಜನರನ್ನು ತೆಗೆದಿರಿ ಅಂತ. ಕೊರೊನಾ ನಂತರ ಅಲ್ಲಿ ಜನ ಗುಂಪು ಗುಂಪಾಗಿ ರಾಜೀನಾಮೆ ಕೊಟ್ಟ ಸುದ್ದಿ ಓದಿದ್ದೀರಲ್ವಾ, ಅದು ಈ ಸಮೀಕ್ಷೆಯಿಂದಲೇ ಬಂದದ್ದು. 2021ರ ಕೊನೆಗೆ ತಾವಾಗಿ ಬಿಟ್ಟವರ ಪ್ರಮಾಣ ತಿಂಗಳಿಗೆ ಶೇ. 3ರ ಹತ್ತಿರ ಹೋಗಿತ್ತು. ಆದರೆ ಜೋಲ್ಟ್ಸ್ ಉದ್ಯಮವಾರು ಲೆಕ್ಕ ಕೊಡುತ್ತದೆ, ವೃತ್ತಿವಾರು ಕೊಡುವುದಿಲ್ಲ.

ಎರಡನೆಯ ದಾರಿ ಮನೆಮನೆಯ ಸಮೀಕ್ಷೆ. ಸಿಪಿಎಸ್ ಅಂತ ಕರೆಯುತ್ತಾರೆ. ಸುಮಾರು 60,000 ಮನೆಗಳ ಮಾದರಿ. ಒಂದು ಮನೆಗೆ ನಾಲ್ಕು ತಿಂಗಳು ಬರುತ್ತಾರೆ, ಎಂಟು ತಿಂಗಳು ಬಿಡುತ್ತಾರೆ, ಮತ್ತೆ ನಾಲ್ಕು ತಿಂಗಳು ಬರುತ್ತಾರೆ. ಹೋದ ಸಲ ಅಡುಗೆಯವರಾಗಿದ್ದವರು ಈ ಸಲ ಏನಾಗಿದ್ದಾರೆ ಅಂತ ಹೀಗೆ ಗೊತ್ತಾಗುತ್ತದೆ. ವರ್ಷಕ್ಕೊಮ್ಮೆ ಹೋದ ವರ್ಷ ಹೆಚ್ಚು ಕಾಲ ಮಾಡಿದ ಕೆಲಸ ಯಾವುದು ಅಂತಲೂ ಕೇಳುತ್ತಾರೆ. ಆ ಉತ್ತರವನ್ನು ಈಗಿನ ಕೆಲಸದ ಪಕ್ಕ ಇಟ್ಟರೆ ವೃತ್ತಿ ಬದಲಿಸಿದವರು ಸಿಗುತ್ತಾರೆ. ಆಮೇಲೆ ವಯಸ್ಸು, ಓದು ಮುಂತಾದವನ್ನು ಸೇರಿಸಿ, ಇಂಥ ವೃತ್ತಿಯ ಇಂಥ ವಯಸ್ಸಿನವರು ಬಿಡುವ ಸಾಧ್ಯತೆ ಎಷ್ಟು ಅಂತ ಅಂದಾಜು ಮಾಡುತ್ತಾರೆ. ದುಡಿಮೆ ಬಿಡುವವರದ್ದು ಒಂದು ಅಂದಾಜು, ವೃತ್ತಿ ಬದಲಿಸುವವರದ್ದು ಇನ್ನೊಂದು. ಅದೇ ವೃತ್ತಿಯಲ್ಲಿ ಧಣಿ ಬದಲಿಸಿದವರು ಈ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಅಪ್ಪನ ಐದು ಬದಲಾವಣೆ ಅಲ್ಲಿ ಸೊನ್ನೆ.

ಮೊದಲು ಬೇರೆ ಪದ್ಧತಿ ಇತ್ತಂತೆ. ಅದನ್ನು ಯಾಕೆ ಬಿಟ್ಟರು?

ಈಗ ಹೇಳಿದ ಪದ್ಧತಿ ಬಂದದ್ದು 2017ರಲ್ಲಿ, 2016ರಿಂದ 2026ರವರೆಗಿನ ಅಂದಾಜಿನ ಜೊತೆ. ಅದಕ್ಕೂ ಮೊದಲು ವಯಸ್ಸಿನ ಗುಂಪುಗಳನ್ನು ಹೋಲಿಸುತ್ತಿದ್ದರು. ಇವತ್ತು ಒಂದು ವೃತ್ತಿಯಲ್ಲಿ 55ರಿಂದ 59 ವಯಸ್ಸಿನ ನೂರು ಜನ ಇದ್ದಾರೆ. ಐದು ವರ್ಷದ ನಂತರ ಅದೇ ವೃತ್ತಿಯಲ್ಲಿ 60ರಿಂದ 64ರವರು 60 ಜನ ಸಿಕ್ಕರು. ಹಾಗಾದರೆ 40 ಜನ ಬಿಟ್ಟರು ಅಂತ ಲೆಕ್ಕ.

ವಯಸ್ಸಾದವರಿಗೆ ಇದು ಪರವಾಗಿಲ್ಲ. ಚಿಕ್ಕವರಲ್ಲಿ ಎಡವುತ್ತದೆ. ಇಪ್ಪತ್ತೆರಡು ವಯಸ್ಸಿನ ಹತ್ತು ಸಪ್ಲಾಯರ್‌ಗಳು ಬಿಟ್ಟರು, ಅದೇ ವಯಸ್ಸಿನ ಹತ್ತು ಜನ ಬಂದರು ಅನ್ನಿ. ಗುಂಪಿನ ಸಂಖ್ಯೆ ಬದಲಾಗಲೇ ಇಲ್ಲ. ಹಳೆಯ ಪದ್ಧತಿ ಇಲ್ಲಿ ಯಾರೂ ಬಿಟ್ಟಿಲ್ಲ ಅನ್ನುತ್ತದೆ. ಹತ್ತು ಹುಡುಗರಿಗೆ ಕೆಲಸ ಸಿಕ್ಕಿದ್ದು ಲೆಕ್ಕಕ್ಕೇ ಬರಲಿಲ್ಲ. ನಮ್ಮ ಹೋಟೆಲ್ ಲೋಕ ನಡೆಯುವುದೇ ಹೀಗೆ, ಹಾಗಾಗಿ ಈ ತಪ್ಪು ನಮಗೆ ತುಂಬಾ ದೊಡ್ಡದು.

ನಮ್ಮ ದೇಶದಲ್ಲಿ ಇಂಥ ಅಂಕಿ ಎಲ್ಲಿ ಸಿಗುತ್ತದೆ?

ಮೊದಲು ನೋಡಬೇಕಾದದ್ದು ಪಿಎಲ್‌ಎಫ್‌ಎಸ್. ಯಾರು ಯಾವ ಕೆಲಸ ಮಾಡುತ್ತಾರೆ ಅಂತ ಮನೆಮನೆಯಲ್ಲಿ ಕೇಳುವ, ರಾಷ್ಟ್ರೀಯ ಅಂಕಿಅಂಶ ಕಚೇರಿ 2017ರಲ್ಲಿ ಶುರು ಮಾಡಿದ ಸಮೀಕ್ಷೆ. ನಗರಗಳಲ್ಲಿ ಆರಿಸಿದ ಒಂದು ಮನೆಗೆ ಒಟ್ಟು ನಾಲ್ಕು ಸಲ ಹೋಗುವ ಪದ್ಧತಿ ಮೊದಲಿನಿಂದ ಇತ್ತು. 2025ರ ಜನವರಿಯಿಂದ ಸಮೀಕ್ಷೆಯ ರಚನೆ ಬದಲಾಯಿತು. ಹಳ್ಳಿಗಳಿಗೂ ಮತ್ತೆ ಮತ್ತೆ ಹೋಗತೊಡಗಿದರು, ತಿಂಗಳ ಅಂಕಿಗಳೂ ಬರತೊಡಗಿದವು. ಒಬ್ಬೊಬ್ಬರ ಮಟ್ಟದ ಅಂಕಿಗಳನ್ನು ಹೆಸರು, ವಿಳಾಸ ತೆಗೆದು ಎಲ್ಲರಿಗೂ ಉಚಿತವಾಗಿ ಕೊಡುತ್ತಾರೆ. ಮೊದಲ ಭೇಟಿಯಲ್ಲಿ ಒಂದು ವೃತ್ತಿ, ಎರಡನೇ ಭೇಟಿಯಲ್ಲಿ ಇನ್ನೊಂದು ಅಂತಿದ್ದರೆ ಆ ಎರಡನ್ನೂ ಜೋಡಿಸಿ ವೃತ್ತಿ ಬದಲಾವಣೆಯನ್ನು ಅಂದಾಜು ಮಾಡಬಹುದು.

ವೃತ್ತಿಗಳಿಗೆ ಎನ್‌ಸಿಒ 2015 ಅನ್ನುವ ಸಂಕೇತಪಟ್ಟಿ ಇದೆ. ಮೊದಲ ಮೂರು ಅಂಕಿ ನೋಡಿದರೆ ಸಾಕು: 512 ಅಡುಗೆಯವರು, 513 ಸಪ್ಲಾಯರ್ ಮತ್ತು ಬಾರ್ ಕೆಲಸದವರು, 941 ಅಡುಗೆಮನೆಯ ಸಹಾಯಕರು, 251 ಸಾಫ್ಟ್‌ವೇರ್‌ನವರು.

ಒಂದು ಕೊರತೆ ಇದೆ. ಮನೆ ಬಿಟ್ಟು ಹೋದವರನ್ನು ಸಮೀಕ್ಷೆ ಹುಡುಕಿಕೊಂಡು ಹೋಗುವುದಿಲ್ಲ. ವಸಾಯಿಯ ಖೋಲಿ ಬಿಟ್ಟು ಮತ್ಸ್ಯಗಂಧ ರೈಲು ಹತ್ತಿದವನು ಮುಂದಿನ ಭೇಟಿಯಲ್ಲಿ ಸಿಗುವುದೇ ಇಲ್ಲ. ಕೆಲಸ ಬಿಡುವವರೇ ಮನೆಯನ್ನೂ ಬಿಡುತ್ತಾರೆ, ಹಾಗಾಗಿ ಜೋಡಿಸಿದ ಅಂಕಿಯಲ್ಲಿ ಉಳಿದವರೇ ಜಾಸ್ತಿ ಕಾಣುತ್ತಾರೆ. ಮುಂಬೈಯ ಮಟ್ಟಿಗೆ ಇದನ್ನು ಮರೆಯಲೇಬಾರದು. 2020ರ ಅಂಕಿ ಬಳಸುವವರು ಇನ್ನೊಂದು ವಿಷಯ ನೆನಪಿಡಿ. ಕೊರೊನಾದಿಂದ ಮಾರ್ಚ್ 18ರಿಂದ ಕ್ಷೇತ್ರಕಾರ್ಯ ನಿಂತು, ಜೂನ್‌ನಲ್ಲಿ ಮತ್ತೆ ಶುರುವಾಯಿತು. ನಮ್ಮವರು ಊರಿಗೆ ಹೋಗಲು ಪರದಾಡಿದ ಆ ವಾರಗಳಲ್ಲಿ ಅವರನ್ನು ಕೇಳುವವರು ಇರಲಿಲ್ಲ.

ಪಿಎಫ್ ಅಂಕಿ ಪ್ರತಿ ತಿಂಗಳು ಪೇಪರಿನಲ್ಲಿ ಬರುತ್ತದೆ. ಅದೇ ಸಾಲದಾ?

ಪಿಎಫ್ ನೋಡಿಕೊಳ್ಳುವ ಸಂಸ್ಥೆ ಇಪಿಎಫ್‌ಒ 2018ರ ಏಪ್ರಿಲ್‌ನಿಂದ ಈ ಅಂಕಿ ಕೊಡುತ್ತಿದೆ. ಹೊಸದಾಗಿ ಸೇರಿದವರು, ಹೊರಗೆ ಹೋದವರು, ಹೋಗಿ ಮತ್ತೆ ಬಂದವರು ಅಂತ ಮೂರು ಭಾಗ. ಪೇಪರಿನ ತಲೆಬರಹಕ್ಕೆ ಬರುವುದು ಕೂಡಿ ಕಳೆದು ಉಳಿದದ್ದು ಮಾತ್ರ. ನಮಗೆ ಬೇಕಾದ್ದು ಹೊರಗೆ ಹೋದವರ ಸಾಲು.

ಆ ಸಾಲನ್ನೂ ಹುಷಾರಾಗಿ ಓದಬೇಕು. ಗುತ್ತಿಗೆದಾರ ಬದಲಾದರೆ ಅದೇ ಕಾವಲುಗಾರ ಅದೇ ಗೇಟಿನಲ್ಲಿ ನಿಂತಿದ್ದರೂ ಕಾಗದದಲ್ಲಿ ಹೋಗಿ ಬಂದವನಾಗುತ್ತಾನೆ. ಪಿಎಫ್ ಕಾನೂನು ಸಾಮಾನ್ಯವಾಗಿ 20 ಮತ್ತು ಅದಕ್ಕಿಂತ ಹೆಚ್ಚು ಜನ ಇರುವ ಕಡೆಗೆ ಅನ್ವಯಿಸುತ್ತದೆ. ನಮ್ಮ ಎಷ್ಟೋ ಸಣ್ಣ ಹೋಟೆಲುಗಳು ಅದರ ಹೊರಗೆ. ಮತ್ತೆ, ಈ ಅಂಕಿ ಉದ್ಯಮವಾರು ಇದೆ, ವೃತ್ತಿವಾರು ಇಲ್ಲ.

ಉದ್ಯಮದ ಅಂಕಿಯಿಂದ ವೃತ್ತಿಯ ಅಂಕಿ ತೆಗೆಯಲು ಆಗುವುದಿಲ್ವಾ?

ಕೆಲವರು ತೆಗೆಯುತ್ತಾರೆ. ಹೋಟೆಲ್ ಉದ್ಯಮದಲ್ಲಿ ಶೇ. 60 ಬಿಡುತ್ತಾರೆ, ಹೋಟೆಲಿನಲ್ಲಿ ಭಟ್ಟರು ಇಷ್ಟು, ಹಾಗಾಗಿ ಬಿಟ್ಟ ಭಟ್ಟರು ಇಷ್ಟು ಅಂತ ಹಂಚುತ್ತಾರೆ. ಮೇಲಿನ ನಮ್ಮ ಹೋಟೆಲನ್ನೇ ನೋಡಿ. ಅಲ್ಲಿ ಭಟ್ಟರು ಬಿಟ್ಟದ್ದು ಸೊನ್ನೆ, ಕ್ಲೀನರ್ ಶೇ. 129. ಇಬ್ಬರಿಗೂ 60 ಹಾಕಿದರೆ ಇಬ್ಬರ ಬಗ್ಗೆಯೂ ತಪ್ಪು. ಬೇರೆ ದಾರಿಯೇ ಇಲ್ಲದಾಗ ಮಾತ್ರ ಇದನ್ನು ಬಳಸಿ, ಬಳಸಿದ್ದೀರಿ ಅಂತ ಬರೆದೂ ಇಡಿ.

ಪುಣೆಯ ಐಟಿ ಕಂಪನಿಗಳ ಅಟ್ರಿಶನ್ ಅಂಕಿ ವೃತ್ತಿ ಬಿಟ್ಟವರದ್ದಾ?

ಅಲ್ಲ. 2022ರ ಜೂನ್‌ಗೆ ಮುಗಿದ ತ್ರೈಮಾಸಿಕದಲ್ಲಿ ಇನ್ಫೋಸಿಸ್ ತನ್ನ ಅಟ್ರಿಶನ್ ಶೇ. 28.4 ಅಂತ ಹೇಳಿತು. ಅದೇ ವರ್ಷದ ಸೆಪ್ಟೆಂಬರ್‌ಗೆ ಟಿಸಿಎಸ್ ಶೇ. 21.5 ಅಂತ ಹೇಳಿತು. ಇವು ಹಿಂದಿನ ಹನ್ನೆರಡು ತಿಂಗಳ ಲೆಕ್ಕ. ಇನ್ಫೋಸಿಸ್ ತಾವಾಗಿ ಬಿಟ್ಟವರನ್ನು ಮಾತ್ರ ಎಣಿಸುತ್ತದೆ. ಹಿಂಜವಡಿಯ ಒಂದು ಗೇಟಿನಿಂದ ಹೊರಬಂದ ಹುಡುಗಿ ಪಕ್ಕದ ಗೇಟಿನಲ್ಲಿ ಒಳಗೆ ಹೋದರೆ ಕಂಪನಿಗೆ ಅದು ನಷ್ಟ, ಸಾಫ್ಟ್‌ವೇರ್ ವೃತ್ತಿಯಲ್ಲಿ ಏನೂ ಬದಲಾಗಲಿಲ್ಲ. 28 ಅನ್ನುವ ಅಂಕಿ ನೋಡಿ ಐಟಿ ಬಿಟ್ಟು ಜನ ಓಡುತ್ತಿದ್ದಾರೆ ಅಂತ ಮಕ್ಕಳಿಗೆ ಹೇಳಬೇಡಿ.

ಗೋವಾದಲ್ಲಿ ಮಳೆಗಾಲಕ್ಕೆ ಎಲ್ಲರೂ ಹೋಗಿಬಿಡುತ್ತಾರೆ. ಅದನ್ನು ಹೇಗೆ ಬರೆಯುವುದು?

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಟ್ರಾಲರ್ ಕೆಲಸದವರು ಮೇ ಕೊನೆಗೆ ಊರಿಗೆ ಹೋಗುತ್ತಾರೆ, ಆಗಸ್ಟ್‌ನಲ್ಲಿ ಬರುತ್ತಾರೆ. ಕಡಲ ತೀರದ ಶ್ಯಾಕ್‌ಗಳೂ, ಅಂದರೆ ತಾತ್ಕಾಲಿಕ ಹೋಟೆಲುಗಳೂ, ಮಳೆ ಮುಗಿಯುವವರೆಗೆ ಮುಚ್ಚಿರುತ್ತವೆ. ವಿಜಯಪುರ, ಬಾಗಲಕೋಟೆ, ಗದಗ ಕಡೆಯಿಂದ ಕಟ್ಟಡ ಕೆಲಸಕ್ಕೆ ಹೋದವರು ಬಿತ್ತನೆಗೆ ಊರು ಸೇರುತ್ತಾರೆ.

ಜೂನ್ ತಿಂಗಳೊಂದನ್ನೇ ನೋಡಿದರೆ ಗೋವಾ ಖಾಲಿಯಾದ ಹಾಗೆ ಕಾಣುತ್ತದೆ. ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಮೂರನೇ ಕಾಲಂ ಬೇಕು: 'ಸೀಸನ್‌ಗೆ ಹೋದವರು'. ಮುಂದಿನ ಸೀಸನ್‌ಗೆ ಅದೇ ದೋಣಿಗೆ, ಅದೇ ಮೇಸ್ತ್ರಿಯ ಹತ್ತಿರಕ್ಕೆ ಬಂದರೆ ಹೆಸರು ಅಲ್ಲೇ ಇರಲಿ. ಬರಲಿಲ್ಲವೋ, ಆಗ ಬಿಟ್ಟವರ ಕಾಲಂಗೆ ಹಾಕಿ, ಹೋದ ತಾರೀಖಿನಿಂದಲೇ. ಹೋಲಿಸುವಾಗ ಜೂನನ್ನು ಹೋದ ವರ್ಷದ ಜೂನ್ ಜೊತೆ ಹೋಲಿಸಿ, ಮೇ ಜೊತೆ ಬೇಡ. ಮುಂಬೈ ಹೋಟೆಲಿನವರಿಗೂ ಇದೇ ಮಾತು. ಏಪ್ರಿಲ್, ಮೇಯಲ್ಲಿ ಮದುವೆ, ಕೋಲ ಅಂತ ಹೋದವನ ಹೆಸರನ್ನು ಕೂಡಲೇ ಹೊಡೆದು ಹಾಕಬೇಡಿ.

ವೃತ್ತಿಯ ಹೆಸರು ತಪ್ಪಾಗಿ ಬರೆದರೆ ಅಷ್ಟು ದೊಡ್ಡ ತೊಂದರೆನಾ?

ಈ ಇಡೀ ಕೆಲಸದಲ್ಲಿ ಅತಿ ದೊಡ್ಡ ತೊಂದರೆ ಅದೇ ಅಂತ ನಾನು ನಂಬಿದ್ದೇನೆ. ಒಬ್ಬ ಮಾಣಿ ಮೊದಲ ಭೇಟಿಯಲ್ಲಿ 'ಹೋಟೆಲ್ ಕೆಲಸ' ಅಂದ, ಬರೆದವರು ಅಡುಗೆಮನೆ ಸಹಾಯಕ ಅಂತ ಬರೆದರು. ಮೂರು ತಿಂಗಳ ನಂತರ ಅವನ ಅಕ್ಕ ಉತ್ತರ ಕೊಟ್ಟಳು, ಸಪ್ಲಾಯರ್ ಅಂತ ಬರೆದರು. ಹುಡುಗ ಕದಲಿಲ್ಲ, ಕಾಗದದಲ್ಲಿ ವೃತ್ತಿ ಬದಲಾಯಿತು. ಸಾವಿರ ಜನರಲ್ಲಿ ಐವತ್ತು ಜನರಿಗೆ ಹೀಗಾದರೆ ಶೇ. 5 ಸುಳ್ಳು ಬದಲಾವಣೆ ಸೇರಿಕೊಂಡಿತು.

ಅಮೆರಿಕದವರು 1994ರಲ್ಲಿ ಇದಕ್ಕೆ ಒಂದು ಸರಳ ಉಪಾಯ ಮಾಡಿದರು. ಹೋದ ತಿಂಗಳ ಉತ್ತರವನ್ನೇ ಓದಿ ಹೇಳಿ, ಈಗಲೂ ಅದೇ ಕೆಲಸವಾ ಅಂತ ಕೇಳತೊಡಗಿದರು. ಸುಳ್ಳು ಬದಲಾವಣೆ ಬಹಳ ಕಡಿಮೆಯಾಯಿತು. ನೀವು ನಿಮ್ಮ ಸಂಘದಲ್ಲಿ ಸಣ್ಣ ಸಮೀಕ್ಷೆ ಮಾಡಿದರೂ ಹೀಗೇ ಕೇಳಿ.

ಈಗ ಕೆಲಸದಲ್ಲಿ ಇರುವವರನ್ನು 'ಎಷ್ಟು ವರ್ಷವಾಯಿತು' ಅಂತ ಕೇಳಿದರೆ ಆಗಲ್ವಾ?

ಕೇಳಿ, ಆದರೆ ಅದೊಂದನ್ನೇ ನಂಬಬೇಡಿ. ನಮ್ಮ ಏಳು ಕ್ಲೀನರ್‌ಗಳನ್ನು ಡಿಸೆಂಬರ್ 31ರಂದು ಕೇಳಿದರೆ ನಾಲ್ವರು ಹಳಬರು, ಮೂವರು ಹೊಸಬರು. ಅರ್ಧಕ್ಕಿಂತ ಜಾಸ್ತಿ ಜನ ನಿಂತಿದ್ದಾರೆ ಅನ್ನಿಸುತ್ತದೆ. ಆದರೆ ಆ ವರ್ಷ ಅಲ್ಲಿ ಕ್ಲೀನರ್ ಆಗಿ ದುಡಿದವರು ಒಟ್ಟು 16 ಜನ. ವರ್ಷವಿಡೀ ನಿಂತವರು ಅವರಲ್ಲಿ ಕಾಲು ಭಾಗ. ಬೇಗ ಹೋದವರು ನಿಮ್ಮ ಪ್ರಶ್ನೆಗೆ ಉತ್ತರ ಕೊಡಲು ಅಲ್ಲಿ ಇರುವುದೇ ಇಲ್ಲ.

ಹದಿನೈದು ಇಪ್ಪತ್ತು ಹೋಟೆಲ್ ಕೇಳಿದರೆ ಇಡೀ ಮುಂಬೈಗೆ ಹೇಳಬಹುದಾ?

ಹೇಳುವಾಗ ಅಂಚುಗಳನ್ನೂ ಹೇಳಿ. 40 ಸಪ್ಲಾಯರ್‌ಗಳಲ್ಲಿ 8 ಜನ ಬಿಟ್ಟರೆ ಶೇ. 20. ಆದರೆ ನಿಜವಾದ ಪ್ರಮಾಣ 8ರಿಂದ 32ರ ನಡುವೆ ಎಲ್ಲಿ ಬೇಕಾದರೂ ಇರಬಹುದು. 400 ಜನರನ್ನು ಕೇಳಿದರೆ ಅದು 16ರಿಂದ 24ಕ್ಕೆ ಇಳಿಯುತ್ತದೆ. ಹತ್ತು ಪಟ್ಟು ಜನರನ್ನು ಕೇಳಿದರೂ ಅಂಚು ಹತ್ತು ಪಟ್ಟು ಕಿರಿದಾಗುವುದಿಲ್ಲ, ಸುಮಾರು ಮೂರು ಪಟ್ಟು ಅಷ್ಟೇ. ಇದೂ ಯಾರನ್ನು ಕೇಳಬೇಕು ಅಂತ ಚೀಟಿ ಎತ್ತಿ ಆರಿಸಿದಾಗಿನ ಮಾತು. ಬರೀ ಪರಿಚಯದವರನ್ನೇ ಕೇಳಿದರೆ ಈ ಅಂಚುಗಳಿಗೂ ಅರ್ಥವಿಲ್ಲ.

ಸಂಖ್ಯೆ ತೀರಾ ಕಡಿಮೆ ಇದ್ದರೆ ನೆರೆಯ ವೃತ್ತಿಗಳ ಸಹಾಯ ತೆಗೆದುಕೊಳ್ಳಬಹುದು. ಸಪ್ಲಾಯರ್‌ಗಳಲ್ಲಿ ಶೇ. 20, ಹೋಟೆಲಿನ ಎಲ್ಲ ಕೆಳಹಂತದ ಕೆಲಸಗಳಲ್ಲಿ ಶೇ. 30 ಅಂತಿದ್ದರೆ ನಡುವಿನ 25ನ್ನು ಹಿಡಿಯುವುದು. ಮಾದರಿ ದೊಡ್ಡದಾದಷ್ಟೂ ಸ್ವಂತ ಅಂಕಿಗೆ ಹೆಚ್ಚು ತೂಕ ಕೊಡುತ್ತಾ ಹೋಗಬೇಕು.

ಮೊದಲೆಲ್ಲ ಜನ ಒಂದೇ ಕಡೆ ನಿಲ್ಲುತ್ತಿದ್ದರು ಅನ್ನುತ್ತಾರೆ ಹಿರಿಯರು.

ಹಿರಿಯರ ಮಾತಿಗೆ ಗೌರವ ಇಟ್ಟೇ ಹೇಳುತ್ತೇನೆ, ಪೂರ್ತಿ ನಿಜ ಅಲ್ಲ. 1929ರಲ್ಲಿ ನೇಮಕವಾಗಿ 1931ರಲ್ಲಿ ವರದಿ ಕೊಟ್ಟ ಕಾರ್ಮಿಕರ ಬಗೆಗಿನ ರಾಯಲ್ ಕಮಿಷನ್, ವಿಟ್ಲಿ ಆಯೋಗ ಅಂತ ಕರೆಯುತ್ತಾರೆ, ಆಗಲೇ ಗಿರಣಿ ಕೆಲಸಗಾರರು ಬೇಗ ಬೇಗ ಬದಲಾಗುವುದನ್ನೂ ಊರಿನ ನಂಟು ಬಿಡದಿರುವುದನ್ನೂ ಚರ್ಚಿಸಿತ್ತು. ಆಗ ಕೆಲಸಕ್ಕೆ ಸೇರಿಸುವ ಜಾಬರ್‌ಗೆ ಹೊಸಬರು ದಸ್ತೂರಿ, ಅಂದರೆ ಕಮಿಷನ್, ಕೊಡಬೇಕಿತ್ತು. ಜನ ಬದಲಾದಷ್ಟೂ ಅವನಿಗೆ ಲಾಭ. ಬದಲಿ ಕೆಲಸಗಾರರು ಬೆಳಗ್ಗೆ ಗೇಟಿನ ಮುಂದೆ ಕಾಯುತ್ತಿದ್ದರು. ಆಮೇಲೆ 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅವರಲ್ಲಿ ಬಹಳ ಜನ ಮತ್ತೆ ಮಗ್ಗದ ಮುಂದೆ ನಿಲ್ಲಲೇ ಇಲ್ಲ. ಅದನ್ನು 'ಬಿಟ್ಟು ಹೋದರು' ಅನ್ನಲು ನನ್ನ ಬಾಯಿ ಬರುವುದಿಲ್ಲ.

ಮಗಳಿಗೆ ನರ್ಸಿಂಗ್ ಓದಿಸಬೇಕು. ಜಾಸ್ತಿ ಜನ ಬಿಡುವ ವೃತ್ತಿ ಒಳ್ಳೆಯದಾ, ಕೆಟ್ಟದ್ದಾ?

ಖಾಲಿ ಜಾಗ ಎರಡು ಕಡೆಯಿಂದ ಹುಟ್ಟುತ್ತದೆ. ವೃತ್ತಿ ಬೆಳೆದದ್ದರಿಂದ ಮತ್ತು ಇದ್ದವರು ಬಿಟ್ಟದ್ದರಿಂದ. ಅಮೆರಿಕದ ಅಂದಾಜುಗಳಲ್ಲಿ ಬಹುಪಾಲು ಜಾಗ ಎರಡನೆಯದರಿಂದಲೇ ಬರುತ್ತದೆ. ಹಾಗಾಗಿ ಬಿಡುವವರು ಜಾಸ್ತಿ ಅಂದರೆ ಒಳಗೆ ಹೋಗುವ ಬಾಗಿಲು ತೆರೆದಿದೆ ಅಂತ ಅರ್ಥ. ಒಳಗಿನ ಬದುಕು ಹೇಗಿದೆ ಅಂತ ತಿಳಿಯಲು ಅವರು ಎಲ್ಲಿಗೆ ಹೋದರು ಅಂತ ನೋಡಬೇಕು. ನರ್ಸ್ ಕೆಲಸ ಬಿಟ್ಟು ಮಕ್ಕಳಿಗಾಗಿ ಮನೆಯಲ್ಲಿ ಕೂತವರು ಒಂದು ಕಥೆ. ಇನ್ನೂ ಒಳ್ಳೆಯ ಪಗಾರಕ್ಕೆ ಗಲ್ಫಿಗೋ ಇಂಗ್ಲೆಂಡಿಗೋ ಹೋದವರು ಬೇರೆಯೇ ಕಥೆ. ಇಲ್ಲಿನ ಮನೆ ಸಮೀಕ್ಷೆಯಲ್ಲಿ ಈ ಎರಡನೆಯವರು ಸಿಗುವುದೇ ಇಲ್ಲ. ಮಗಳಿಗೆ ಇಷ್ಟವಿದ್ದರೆ ಓದಿಸಿ. ಆದರೆ ಸೇರಿಸುವ ಮೊದಲು ಆ ಕೆಲಸ ಬಿಟ್ಟ ಇಬ್ಬರು ಅಕ್ಕಂದಿರ ಹತ್ತಿರ ಅವಳು ಮಾತಾಡಲಿ.

ನಾಳೆಯಿಂದಲೇ ನನ್ನ ಹೋಟೆಲಿನಲ್ಲಿ ಶುರು ಮಾಡುತ್ತೇನೆ. ಏನೇನು ಬರೆದಿಡಬೇಕು?

ಹಾಜರಿ ಪುಸ್ತಕದ ಕೊನೆಯ ಪುಟಗಳು ಸಾಕು. ಹೆಸರು, ಸೇರಿದ ತಾರೀಖು, ಕೆಲಸ ಏನು ಅನ್ನುವುದು ನಿಖರವಾಗಿ. 'ಹೋಟೆಲ್ ಕೆಲಸ' ಅಂತ ಬರೆಯಬೇಡಿ. ಒಳಗೇ ಕೆಲಸ ಬದಲಾದರೆ ಆ ತಾರೀಖು. ಬಿಟ್ಟ ದಿನ, ತಾನಾಗಿ ಬಿಟ್ಟನೋ ನೀವು ತೆಗೆದಿರೋ, ಎಲ್ಲಿಗೆ ಹೋದ. ಈ ಕೊನೆಯದನ್ನು ಲೆಕ್ಕ ಚುಕ್ತಾ ಮಾಡುವ ಹೊತ್ತಿಗೆ ಕೇಳಬೇಡಿ, ಆಗ ಯಾರೂ ನಿಜ ಹೇಳುವುದಿಲ್ಲ. ಎರಡು ತಿಂಗಳು ಬಿಟ್ಟು ಒಂದು ಫೋನ್ ಮಾಡಿ. ಊಟ ಆಯಿತಾ ಮಾರಾಯಾ, ಈಗ ಎಲ್ಲಿದ್ದೀ ಅಂತ ಕೇಳಿ. ಉತ್ತರ ಬಂದ ಮೇಲೆ ಪೆನ್ ತೆಗೆಯಿರಿ.